ಸೀಮೆಸುಣ್ಣದ ಚೌಕ

ಪೈಪು ಎಳೆಯುವ ವಿಂಚು ಯಂತ್ರದ ಹಗ್ಗ ಬಿಗಿದು ನಿಂತುಬಿಟ್ಟಿತು. ಸಿದ್ದಾಪುರದ ಇಳಿಜಾರು ರಸ್ತೆಯಡಿ, ಒಡೆದ ಹಳೆಯ ಕಬ್ಬಿಣದ ಪೈಪಿನೊಳಗೆ ಎಳೆಯುತ್ತಿದ್ದ ಹೊಸ ಪ್ಲಾಸ್ಟಿಕ್ ಪೈಪು ನಡುದಾರಿಯಲ್ಲಿ ಸಿಕ್ಕಿಕೊಂಡಿತ್ತು. "ಇಲ್ಲಿ ಆಳುದ್ದ ಗುಂಡಿ ತೋಡಲೇಬೇಕು," ಎಂದು ಇಂಜಿನಿಯರ್ ಕಿಶೋರ ಡಾಂಬರಿನ ಮೇಲೆ ಸೀಮೆಸುಣ್ಣದಿಂದ ಚೌಕ ಬರೆದ. ಕೆಲಸದಾಳು ಉಲ್ಲಾಸ ಪಿಕಾಸಿ ಎತ್ತಿಕೊಂಡ. ಬೆಳಗಿನಿಂದ ಏನೇನೋ ನೆಪ ಮಾಡಿಕೊಂಡು ಮೂರು ಸಲ ಬಂದುಹೋಗಿದ್ದ ಅವನ ತಾಯಿ ನಾಗಿ, ಈಗ ತಂದಿದ್ದ ಬುತ್ತಿಯನ್ನು ಬದಿಗಿಟ್ಟು ಆ ಚೌಕದೊಳಗೆ ಕುಳಿತೇಬಿಟ್ಟಳು.

"ಇಲ್ಲಿ ತೋಡೂದು ಬ್ಯಾಡ, ಸಾಹೇಬ್ರೆ. ಇವ್ನ ಅಪ್ಪ ಪೈಪಿನ ಗುಂಡಿ ತೋಡ್ತಾ ಇಲ್ಲೇ ಮಣ್ಣು ಕುಸ್ದು ಸತ್ತ."

"ಮಣ್ಣು ಕುಸಿಯದ ಹಾಗೆ ಪಕ್ಕಕ್ಕೆ ಹಲಗೆ ಕೊಟ್ಟೇ ತೋಡಿಸ್ತೇವೆ, ಅಮ್ಮಾ."

"ಅವತ್ತೂ ಹಲಗೆ ತರ್ತೇವೆ ಅಂದಿದ್ರು."

"ಏಳೇ ಅವ್ವಿ, ಜನ ನೋಡ್ತಾರೆ," ಎಂದು ಉಲ್ಲಾಸ ತೋಳು ಹಿಡಿದು ಎಳೆದರೂ ಅವಳು ಜಗ್ಗಲಿಲ್ಲ. ಕಿಶೋರ ಅವಳನ್ನೊಮ್ಮೆ, ಹಗ್ಗವನ್ನೊಮ್ಮೆ ನೋಡಿದ. ಕೊನೆಗೆ ಪೈಪನ್ನು ನಾಲ್ಕು ಮಾರು ಹಿಂದಕ್ಕೆ ಎಳೆಸಿ, ಒಳಗೆ ಸೋಪಿನ ನೀರು ಹೊಯ್ಯಿಸಿ, ಮತ್ತೆ ವಿಂಚು ತಿರುಗಿಸಲು ಹೇಳಿದ. ನಾಗಿಯ ಅಡಿಯಲ್ಲಿ ನೆಲ ಸಣ್ಣಗೆ ಅದುರಿತು. ಏನೋ ಕೆರೆಯಿತು, ತಡೆಯಿತು, ಆಮೇಲೆ ಸರಸರನೆ ಸರಿದುಹೋಯಿತು. "ಬಂತು!" ಎಂದು ಮೇಲಿನ ತುದಿಯಿಂದ ಯಾರೋ ಕೂಗಿದರು.

ಆದರೂ ನಾಗಿ ಏಳಲಿಲ್ಲ. "ಸಾಹೇಬ್ರೆ, ಹನ್ನೆರಡು ವರ್ಷದ ಹಿಂದೆ ಈ ಮಿಶನ್ ಇರ್ಲಿಲ್ವಾ?" ಎಂದು ಕೇಳಿದಳು.

ಕಿಶೋರನಿಗೆ ಸುಳ್ಳು ಹೇಳಲಾಗಲಿಲ್ಲ. "ಇತ್ತಮ್ಮ," ಎಂದ. "ಇಲ್ಲಿಗೆ ಯಾರೂ ತಂದಿರಲಿಲ್ಲ."