ಗುಡ್ಡ ಸುತ್ತುವ ಗೆರೆ

"ಮುಂದಿನ ವಾರದಿಂದ ನನಗೆ ಬೆಳಗಿನ ಪಾಳಿ. ಆರು ಗಂಟೆಗೇ ಡಿಪೋದಲ್ಲಿರಬೇಕಂತೆ," ಎಂದು ಡ್ರೈವರ್ ಊಟದ ತಟ್ಟೆಯನ್ನೇ ನೋಡುತ್ತಾ ಹೇಳಿದ. ಅಪಘಾತದಲ್ಲಿ ಹೆಂಡತಿಯ ಕಾಲಿನ ಶಕ್ತಿ ಹೋಗಿ ಒಂದು ವರ್ಷವಾಗಿತ್ತು. ಅಂದಿನಿಂದ ಅವಳ ಗಾಲಿಕುರ್ಚಿಯನ್ನು ದಿನಾ ಬೆಳಿಗ್ಗೆ ಗುಡ್ಡ ಹತ್ತಿಸಿ, ಆಚೆ ಬದಿಗೆ ಇಳಿಸಿ, ಅವಳು ಪಾಠ ಮಾಡುವ ಶಾಲೆಗೆ ಮುಟ್ಟಿಸುತ್ತಿದ್ದವನು ಅವನೇ. ಬಸ್ಸು ಓಡಿಸುವವನ ಹೆಂಡತಿಯಾದರೇನು, ಕುರ್ಚಿ ಬಸ್ಸಿನ ಮೆಟ್ಟಿಲು ಹತ್ತುತ್ತದೆಯೇ! ಅವನಿಲ್ಲವೆಂದರೆ ಶಾಲೆಯಿಲ್ಲ. ಶಾಲೆಯಿಲ್ಲವೆಂದರೆ ಇಪ್ಪತ್ತು ವರ್ಷ ಭೂಗೋಳ ಕಲಿಸಿದವಳು ಕಿಟಕಿಯ ಪಕ್ಕ ಕೂತು ಹೋಗಿಬರುವವರನ್ನು ಎಣಿಸಬೇಕು. ಇದು ಇಬ್ಬರಿಗೂ ಗೊತ್ತಿತ್ತು.

ಅವಳು ಕೈ ತೊಳೆದುಕೊಂಡು ಬಂದು, ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಮಕ್ಕಳಿಗೆ ತೋರಿಸುವ ಊರಿನ ನಕ್ಷೆಯನ್ನು ಮೇಜಿನ ತುಂಬ ಹರಡಿದಳು. ಮನೆಯಿದ್ದಲ್ಲಿ ಒಂದು ಚುಕ್ಕೆ, ಶಾಲೆಯಿದ್ದಲ್ಲಿ ಒಂದು ಚುಕ್ಕೆ ಇಟ್ಟಳು. ಬೇರೆ ದಾರಿ ಇದೆ, ನಾನೊಬ್ಬಳೇ ಹೋಗಬಲ್ಲೆ ಅಂದಳು. ಡ್ರೈವರ್ ಮೂಗು ಮುರಿದ.

"ಇಪ್ಪತ್ತೆರಡು ವರ್ಷದಿಂದ ಈ ಊರಲ್ಲೇ ಬಸ್ ಓಡಿಸ್ತಿದೀನಿ. ನನಗೆ ಗೊತ್ತಿಲ್ಲದ ದಾರಿ ನಿನ್ನ ಕಾಗದದಲ್ಲಿದೆಯಾ, ಟೀಚರಮ್ಮ?"

ಟೀಚರಮ್ಮ ಹಿಂದಿನ ಬೆಂಚಿನ ಹುಡುಗನಿಗೆ ಹೇಳುವಷ್ಟೇ ಸಮಾಧಾನದಿಂದ ವಿವರಿಸಿದಳು. ಈ ಕಂದು ಗೆರೆಗಳಿಗೆ ಸಮೋನ್ನತ ರೇಖೆ ಅನ್ನುತ್ತಾರೆ. ಒಂದು ಗೆರೆಯ ಮೇಲಿರುವ ಜಾಗವೆಲ್ಲ ಒಂದೇ ಎತ್ತರ. ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಕಡಿದಾದ ಏರು, ದೂರ ದೂರವಿದ್ದರೆ ಇಳಿಜಾರು ಕಡಿಮೆ. ನಾವು ಹೋಗುವ ರಸ್ತೆ ಎಂಟು ಗೆರೆ ದಾಟಿ ಮೇಲೇರುತ್ತದೆ, ಅದೇ ಎಂಟು ಗೆರೆ ದಾಟಿ ಕೆಳಗಿಳಿಯುತ್ತದೆ. ಆದರೆ ನಮ್ಮ ಮನೆ, ಶಾಲೆ ಎರಡೂ ಇರುವುದು ಗುಡ್ಡವನ್ನು ಸುತ್ತುವ ಈ ಒಂದೇ ಗೆರೆಯ ಮೇಲೆ. ಡ್ರೈವರ್ ಬೆರಳಿಟ್ಟು ಎಣಿಸಿದ. ಎಂಟೇ ಇದ್ದವು. ಹಾಗಾದರೆ ಇಷ್ಟು ದಿನ ಬೆವರು ಸುರಿಸಿದ್ದು ಯಾವ ಸುಖಕ್ಕೆ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಆ ಕಂದು ಗೆರೆಗೆ ಅಂಟಿಕೊಂಡಂತೆ ಸಣ್ಣದೊಂದು ನೀಲಿ ಗೆರೆಯೂ ಇತ್ತು. ಅದು ಹಳೆಯ ನೀರಿನ ಕಾಲುವೆ. ಈಗ ಅದರ ಮೇಲೆ ಚಪ್ಪಡಿ ಮುಚ್ಚಿದ್ದಾರೆ, ಜನ ಓಡಾಡುತ್ತಾರೆ.

"ನೀರನ್ನ ಹಿಂದಿನಿಂದ ತಳ್ಳೋರು ಯಾರೂ ಇರಲಿಲ್ಲ ರೀ," ಅಂದಳು. "ಅದಕ್ಕೇ ಸುತ್ತು ಹಾಕಿ, ಸಮವಾಗಿರೋ ಕಡೆ ಹೋಗಿದೆ."

ಕಾಗದದಲ್ಲಿ ಗುಂಡಿ ಕಾಣಿಸುವುದಿಲ್ಲ ಎಂದು ಅವನು ಗೊಣಗಿದ. ಅದಕ್ಕೇ ಭಾನುವಾರ ಪರೀಕ್ಷೆ ಎಂದು ನಿಶ್ಚಯವಾಯಿತು. ಅವನು ಎಂದಿನ ರಸ್ತೆಯಲ್ಲಿ ಹೋಗಿ ಶಾಲೆಯ ಗೇಟಿನಲ್ಲಿ ಕಾಯಬೇಕು. ನಡುವೆ ಫೋನು ಮಾಡಕೂಡದು. ಅವಳು ನಕ್ಷೆಯ ಮೇಲೆ ದಾರ ಇಟ್ಟು ಅಳೆದು, ದಾರಿ ಮೂರು ಪಟ್ಟು ಉದ್ದ, ಮುಕ್ಕಾಲು ಗಂಟೆ ಬೇಕು ಅಂದಿದ್ದಳು.

ಭಾನುವಾರ ಡ್ರೈವರ್ ಕಾಲು ಗಂಟೆಯಲ್ಲೇ ಗೇಟಿನ ಮುಂದಿದ್ದ. ಅರ್ಧ ಗಂಟೆಯಾಯಿತು, ಮುಕ್ಕಾಲಾಯಿತು. ಐವತ್ತು ನಿಮಿಷಕ್ಕೆ ಅವನು ಕೆಟ್ಟದ್ದನ್ನೇ ಊಹಿಸತೊಡಗಿದ. ಎಲ್ಲೋ ಚಪ್ಪಡಿ ಒಡೆದಿದೆ, ಮುಂದಿನ ಗಾಲಿ ಸಿಕ್ಕಿಕೊಂಡಿದೆ, ಕೂಗಿದರೆ ಕೇಳುವವರಿಲ್ಲ. ಫೋನು ಜೇಬಿನಿಂದ ತೆಗೆದ, ಮತ್ತೆ ಒಳಗಿಟ್ಟ. ಒಂದು ಗಂಟೆಯಾದಾಗ ಒಪ್ಪಂದವೆಲ್ಲ ಮರೆತು ಕಾಲುವೆಯ ಕಡೆಗೆ ಓಡತೊಡಗಿದ.

ಕಾಂಪೌಂಡಿನ ತಿರುವಿನಲ್ಲೇ ಅವಳು ಎದುರಾದಳು. ಅಂಗೈ ಕೆಂಪಾಗಿತ್ತು, ಮುಖದಲ್ಲಿ ನಗುವಿತ್ತು. ಒಂದು ಕಡೆ ಚಪ್ಪಡಿ ಒಡೆದಿತ್ತಂತೆ. ಅಲ್ಲೇ ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬಳು ಹಲಗೆ ತಂದು ಹಾಸಿದಳಂತೆ. ಆ ಜಾಗವನ್ನು ಟೀಚರಮ್ಮ ಆಗಲೇ ನಕ್ಷೆಯಲ್ಲಿ ಪೆನ್ಸಿಲಿನಿಂದ ಗುರುತು ಮಾಡಿಕೊಂಡಿದ್ದಳು. ಹಲಗೆ ಅಲ್ಲೇ ಇರಲಿ, ದಿನಾ ಬನ್ನಿ ಎಂದೂ ಆ ಹೆಂಗಸು ಹೇಳಿದ್ದಳು.

ಡ್ರೈವರ್‌ಗೆ ಸಂತೋಷವಾಯಿತು. ಅದರ ಜೊತೆಗೇ, ಯಾಕೋ, ಮನಸ್ಸು ಪಿಚ್ಚೆಂದಿತು. ಅಭ್ಯಾಸಬಲದಿಂದ ಕುರ್ಚಿಯ ಹಿಂದೆ ಹೋಗಿ ಹಿಡಿಕೆಗೆ ಕೈ ಹಾಕಿದ.

"ಬಿಡಿ," ಅಂದಳು ಅವಳು.

ಅವನು ಕೈ ತೆಗೆದ. "ಹಾಗಾದ್ರೆ ಇನ್ಮೇಲೆ ನಾನು ಬೇಡ, ಅಲ್ವಾ?"

"ಹಿಂದೆ ಬೇಡ." ಅವಳು ಕುರ್ಚಿಯನ್ನು ಅವನತ್ತ ತಿರುಗಿಸಿಕೊಂಡಳು. "ಕಾಲುವೆ ದಾರಿ ಅಗಲ ಇದೆ ರೀ, ಅಕ್ಕಪಕ್ಕ ಹೋಗಬಹುದು. ರಜಾ ಇದ್ದಾಗ ಬನ್ನಿ. ದಾರಿಯಲ್ಲಿ ನಿಮ್ಮ ಮುಖ ನೋಡಿ ಒಂದು ವರ್ಷ ಆಯ್ತು."