ಕುಬಸದ ಫೋಟೋ

"ನೀವ ಹೇಳಿದಂಗ ಸ್ವಚ್ಛ ಮಾಡಿ ತಂದೀನ್ರಿ ಸರ," ಎನ್ನುತ್ತ ಪಕ್ಕದ ಮರಳಿ ಹಳ್ಳಿಯ ಹುಲಗೆಮ್ಮ ಸೆರಗಿನ ಗಂಟು ಬಿಚ್ಚಿ, ಫೋಟೋವನ್ನು ಸ್ಕ್ಯಾನರಿನ ಪಕ್ಕಕ್ಕಿಟ್ಟಳು. ಗೋವಿಂದರಾಜ ಅದನ್ನೆತ್ತಿ ಬೆಳಕಿಗೆ ಹಿಡಿದ.

ಆ ಸ್ಕ್ಯಾನರ್ ಬಂದಾಗಿನಿಂದ, ಅಂದರೆ ತೊಂಬತ್ತೊಂಬತ್ತರ ಯುಗಾದಿಯಿಂದ, ಗಂಗಾವತಿಯ ಈ ಕಂಪ್ಯೂಟರ್ ಅಂಗಡಿಯವನ ಕಾಲು ನೆಲದ ಮೇಲಿರಲಿಲ್ಲ. ಬಂದವರನ್ನು ಅರ್ಧ ಮಾತಿನಲ್ಲೇ ಸಾಗಹಾಕುತ್ತಿದ್ದ. ಮೂರು ದಿನದ ಹಿಂದೆ ಹುಲಗೆಮ್ಮ ಇದೇ ಫೋಟೋ ತಂದು ದೊಡ್ಡದು ಮಾಡಿಕೊಡಿ ಎಂದಿದ್ದಳು. ಮಗಳು ಮಹೇಶ್ವರಿ ಬಸುರಿಯಾಗಿದ್ದಾಗ ಕುಬಸದ ಶಾಸ್ತ್ರದಲ್ಲಿ ತೆಗೆಸಿದ್ದು. ಎರಡೇ ತಿಂಗಳಿಗೆ ಹೆರಿಗೆಯಲ್ಲಿ ಮಗಳು ಹೋದಳು. ಬೇರೆ ಫೋಟೋ ಇರಲಿಲ್ಲ. ಮುತ್ತೈದೆಯಾಗಿ ಹೋದವಳೆಂದು ತಾಯಿ ನಾಲ್ಕು ವರ್ಷ ಮಂಗಳವಾರ, ಶುಕ್ರವಾರ ತಪ್ಪದೆ ಚೌಕಟ್ಟಿಲ್ಲದ ಆ ಫೋಟೋದ ಹಣೆಗೆ ಕುಂಕುಮ ಹಚ್ಚಿದ್ದಳು. ಮುಖದ ತುಂಬ ಕೆಂಪು ಮೆತ್ತಿಕೊಂಡಿತ್ತು.

"ಹಿಂಗ ಸ್ಕ್ಯಾನರಿನ ಗಾಜಿನ ಮ್ಯಾಲೆ ಇಡಾಕ ಬರಂಗಿಲ್ಲ. ಸ್ವಚ್ಛ ಮಾಡ್ಕೊಂಡು ಬಾ," ಎಂದು ಗೋವಿಂದರಾಜ ಕಣ್ಣೆತ್ತದೆ ಹೇಳಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಹೆಂಗ ಸ್ವಚ್ಛ ಮಾಡಿದಿ ಯವ್ವಾ?"

"ದೇವರ ಸಾಮಾನು ತಿಕ್ಕಿದಂಗ್ರಿ. ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕೀನಿ. ಕುಂಕುಮ ಎಲ್ಲಾ ಹೋತ್ರಿ."

ಕುಂಕುಮದ ಜೊತೆ ಮುಖವೂ ಹೋಗಿತ್ತು. ಹಸಿರು ಸೀರೆ ಇತ್ತು, ಕೈತುಂಬ ಬಳೆ ಇದ್ದವು. ಮುಡಿದ ಹೂವಿಗೂ ಕೊರಳಿನ ತಾಳಿಗೂ ನಡುವೆ ಬರೀ ಬಿಳಿ ಕಾಗದ.

"ಒಂದೀಟು ಮಾಸೇತಿ, ನನಗ ಗೊತ್ತೈತಿ," ಎಂದಳು ಹುಲಗೆಮ್ಮ. "ಆದರ ನಿಮ್ಮ ಮಷೀನು ತೆಗೀತೈತಿ ಅಲ್ರಿ? ಮೊಮ್ಮಗಳು ಅನುಷಾ ಈಗ ತಿಳಿಯಂಗ ಆಗ್ಯಾಳ. ನಮ್ಮವ್ವ ಹೆಂಗಿದ್ಲು ತೋರ್ಸು ಅಂತ ಜೀವ ತಿಂತಾಳ."

ತಪ್ಪು ತನ್ನದೇ. ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸು ಎಂದು ಬಿಡಿಸಿ ಹೇಳಿದ್ದರೆ ತನ್ನ ಗಂಟೇನು ಹೋಗುತ್ತಿತ್ತು ಎಂದುಕೊಂಡ ಗೋವಿಂದರಾಜ. ಇಲ್ಲವೆನ್ನಲಾರದೆ ಫೋಟೋ ಗಾಜಿನ ಮೇಲೆ ಬೋರಲಿಟ್ಟು ಮುಚ್ಚಳ ಹಾಕಿದ. ಬೆಳಕಿನ ಪಟ್ಟಿ ಗುರುಗುಡುತ್ತ ನಿಧಾನವಾಗಿ ಸರಿಯಿತು. ಪರದೆಯ ಮೇಲೆ ಫೋಟೋ ಇದ್ದದ್ದು ಇದ್ದಂತೆಯೇ ಮೂಡಿತು.

ಹುಲಗೆಮ್ಮ ಬಗ್ಗಿ ನೋಡಿದಳು. "ಸಣ್ಣದೈತಿ, ಅದಕ್ಕ ಕಾಣವಲ್ದು. ದೊಡ್ಡದು ಮಾಡ್ರಿ."

ಮಾಡಿದ.

"ಇನ್ನೂ."

ಸೀರೆ ಸರಿದು ಹೋಯಿತು, ಬಳೆ ಹೋದವು, ಹೂವೂ ಹೋಯಿತು. ಪರದೆಯ ತುಂಬ ಬಿಳುಪು. ಗೋವಿಂದರಾಜ ಕೈ ಹಿಂದೆಗೆದ. ಹುಲಗೆಮ್ಮ ಮಾತ್ರ ಅದರಲ್ಲೇ ಕಣ್ಣು ನೆಟ್ಟು ನಿಂತಿದ್ದಳು.

"ಯಾಕ ಬಿಟ್ರಿ ಸರ? ಇನ್ನೊಂದೀಟು ಮಾಡ್ರಿ. ಬರ್ತಾಳ."