ಕಣ್ಣಾರೆ ಕಂಡವಳು

ಫೋನಿನಲ್ಲಿ ಷೇರಿನ ಕೆಂಪು ಅಂಕಿ ಮತ್ತೆ ಇಳಿಯಿತು. ಮುನಿರಾಮಯ್ಯನ ಹೆಬ್ಬೆರಳು ಮಾರುವ ಗುಂಡಿಯ ಮೇಲೆ ಬಂತು.

“ಒತ್ಬ್ಯಾಡ ಕಣ್ಲಾ,” ಅಂದ ಅಸದುಲ್ಲಾ. “ಮುಂಬೈನಲ್ಲಿ ಕೂತಿರೋ ಷೇರು ಅನಲಿಸ್ಟ್ ಏನೋ ಬರ್ದ ಅಂತ ಬದುಕು ಮಾರ್ಕೊಂಡೀಯಾ?”

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಎದುರಿನ ಟೀ ಅಂಗಡಿ. ಇಬ್ಬರೂ ರೇಷ್ಮೆ ನೂಲು ತೆಗೆಸುತ್ತಿದ್ದವರು. ಇಬ್ಬರ ಪಾಲಿನ ನೂಲಿನ ಘಟಕ ಮಾರಿ, ಬಂದ ಹಣವನ್ನೆಲ್ಲ ಒಂದೇ ಚಿಪ್ ಕಂಪನಿಯ ಷೇರಿಗೆ ಸುರಿದಿದ್ದರು. ಇವತ್ತು ಆ ಅನಲಿಸ್ಟನ ವರದಿ ಬಂದಿತ್ತು: ದೊಡ್ಡ ಕಂಪ್ಯೂಟರ್ ತಯಾರಕರು ಈ ಚಿಪ್ ಬಿಟ್ಟು ಬೇರೆಯವರದು ಕೊಳ್ಳುತ್ತಿದ್ದಾರೆ, ಮಾರಿಬಿಡಿ. ಹಣ ಮುಳುಗಿದರೆ ಇನ್ನೊಬ್ಬರ ಘಟಕದಲ್ಲಿ ಕೂಲಿಯೇ ಗತಿ.

“ಇನ್ನೊಬ್ಬ ಅನಲಿಸ್ಟು ಇಟ್ಕೊಳ್ಳಿ ಅಂತಾವ್ನೆ,” ಅಂದ ಅಸದುಲ್ಲಾ. “ಇಬ್ರಲ್ಲಿ ಯಾವನಾದ್ರೂ ಆ ಚಿಪ್ ಮುಟ್ಟವ್ನಾ? ಗೂಡು ಅಲ್ಲಾಡ್ಸಿ ಕಿವಿಗೆ ಹಿಡೀದೆ ನಾವು ಯಾವತ್ತಾದ್ರೂ ಹರಾಜು ಕೂಗಿದ್ವೇನ್ಲಾ?”

ಮುಟ್ಟುವವಳು ಮುನಿರಾಮಯ್ಯನ ಮನೆಯಲ್ಲೇ ಇದ್ದಳು. ಅಕ್ಕನ ಮಗಳು ರಮ್ಯಾ. ಕನಕಪುರ ರಸ್ತೆಯಲ್ಲಿ ಅದೇ ಕಂಪ್ಯೂಟರ್ ತಯಾರಕರ ಕಾರ್ಖಾನೆ. ಅವಳದು ಬೋರ್ಡಿಗೆ ಚಿಪ್ ಕೂರಿಸುವ ಲೈನು. ದಿನಾ ನೀಲಿ ಯೂನಿಫಾರಂ ಹಾಕಿಕೊಂಡು ಹೊರಡುತ್ತಾಳೆ. ಈಚೆಗೆ ಬೆರಳ ತುದಿಗಳು ನೆನೆದು ಬೆಳ್ಳಗಾಗಿರುತ್ತವೆ. ಬೋರ್ಡ್ ತೊಳೆಯೋ ಕೆಮಿಕಲ್ಲು ಮಾಮ, ಅಂದಿದ್ದಳು.

ಮುನಿರಾಮಯ್ಯ ಅವಳಿಗೆ ಫೋನ್ ಮಾಡಿದ. ಡ್ಯೂಟಿಯಲ್ಲಿ ಫೋನ್ ಒಳಗೆ ಬಿಡಲ್ಲ ಅನ್ನುತ್ತಿದ್ದವಳು ಮೊದಲ ರಿಂಗಿಗೇ ಎತ್ತಿದಳು. ಪುಣ್ಯ ಅಂದುಕೊಂಡ.

“ರಮ್ಯಾ, ಯಾವ್ದೋ ರಿಪೋರ್ಟ್ ಬಂದು ಪ್ರಾಣ ತಿಂತೈತೆ. ನಿಮ್ ಲೈನ್‌ಗೆ ಈಗ ಯಾರ ಚಿಪ್ ಬತ್ತೈತವ್ವಾ?”

ಅವಳು ತಿರುಗಿ ಕೇಳಿದಳು. “ರಿಪೋರ್ಟಲ್ಲಿ ಏನ್ ಬರ್ದವ್ರೆ ಮಾಮ?”

“ಹಳೇದು ಬುಟ್ಟು ಬ್ಯಾರೆ ಕಂಪನೀದು ಅಂತ.”

“ಹೂಂ. ಹಂಗೇ ಮಾಮ. ಬ್ಯಾರೇದೇ ಬತ್ತೈತೆ.”

“ಕಣ್ಣಾರೆ ಕಂಡಿದ್ದೀಯಾ?”

“ಕಂಡಿವ್ನಿ.”

ಪಕ್ಕದಲ್ಲೇ ಕೇಳುತ್ತಿದ್ದ ಅಸದುಲ್ಲಾನೂ ತನ್ನ ಫೋನ್ ತೆಗೆದ. ಇಬ್ಬರೂ ಅರ್ಧ ಬೆಲೆಗೆ ಎಲ್ಲ ಷೇರು ಮಾರಿದರು.

ನಾಲ್ಕನೇ ದಿನ ಕಂಪ್ಯೂಟರ್ ತಯಾರಕರೇ ಹೇಳಿಕೆ ಕೊಟ್ಟರು. ಚಿಪ್ ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಷೇರು ಎದ್ದು ಓಡಿತು. ಮುನಿರಾಮಯ್ಯ ಹಾಸಿಗೆ ಹಿಡಿದವನಂತೆ ಒಂದು ದಿನ ಬಿದ್ದುಕೊಂಡ. ಮುಂಬೈಯವನು ತಪ್ಪಿರಬಹುದು. ಮನೆಯ ಹುಡುಗಿ, ಕೈಯಲ್ಲಿ ಹಿಡಿದು ಕೂರಿಸುವವಳು, ತಪ್ಪುವುದು ಹೇಗೆ? ಮರುದಿನ ಬೆಳಿಗ್ಗೆ ಎದ್ದು ಕೇಳೋಣವೆಂದರೆ ಅವಳು ಆಗಲೇ ಕೆಲಸಕ್ಕೆ ಹೊರಟುಹೋಗಿದ್ದಳು.

ಅವತ್ತೇ ಮಾನ ಬಿಟ್ಟು ಕೂಲಿ ಕೇಳಲು ಮತೀನ್ ಸಾಬರ ನೂಲಿನ ಘಟಕಕ್ಕೆ ಹೋದ. ಬಾಗಿಲಲ್ಲೇ ಬಿಸಿನೀರಿನ ಹಬೆ, ಬೆಂದ ಹುಳುವಿನ ನಾತ.

“ತಪ್ಪು ತಿಳ್ಕೋಬೇಡ ಮುನಿರಾಮಣ್ಣ, ಜಾಗ ಇಲ್ಲ,” ಅಂದರು ಮತೀನ್ ಸಾಬರು. “ಇದ್ದ ಒಂದು ಜಾಗಾನೂ ಎರಡು ತಿಂಗಳ ಹಿಂದೆ ನಿಮ್ ರಮ್ಯಂಗೇ ಕೊಟ್ನಲ್ಲ, ಕಂಪ್ಯೂಟರ್ ಕಾರ್ಖಾನೆಯವ್ರು ತೆಗೆದುಹಾಕಿದ್ರು ಅಂತ ಅಳ್ತಾ ಬಂದಿದ್ಲು.”